ತಪ್ಪು ಹಿಂದಿಯಲ್ಲಿ ಬೆಳೆದ ತೋಟ

ನಮ್ಮ ಕಟ್ಟಡದ ಲಿಫ್ಟು ಹೆಣ್ಣು ಎಂದು ನನಗೆ ಗೊತ್ತಾದದ್ದು ಡಾಕ್ಟರಮ್ಮನ ದೆಸೆಯಿಂದ. ಕನ್ನಡದಲ್ಲಿ ಲಿಫ್ಟು ಬರುತ್ತದೆ, ಹೋಗುತ್ತದೆ, ಕೆಟ್ಟು ನಡುವೆ ನಿಲ್ಲುತ್ತದೆ. ಅದು ಗಂಡೋ ಹೆಣ್ಣೋ ಎಂಬ ಗೊಡವೆ ಯಾರಿಗೂ ಇಲ್ಲ. ಕಾಶಿಗೆ ಬಂದು ನೋಡಿದರೆ ಹಿಂದಿಯಲ್ಲಿ ಕುರ್ಚಿ ಹೆಣ್ಣು, ಬಾಗಿಲು ಗಂಡು, ಕಿಟಕಿ ಮತ್ತೆ ಹೆಣ್ಣು. ಮೊಸರಿನ ವಿಷಯದಲ್ಲಂತೂ ಇಲ್ಲಿನವರಿಗೇ ಒಮ್ಮತವಿಲ್ಲ. ಒಬ್ಬರು ಗಂಡು ಎಂದರೆ ಇನ್ನೊಬ್ಬರು ಹೆಣ್ಣು ಎನ್ನುತ್ತಾರೆ. ಆದರೆ ನಮ್ಮಂಥವರು ಬಾಯಿ ತೆರೆದು ತಪ್ಪಿದೆವೋ, ಜಗಳ ಮರೆತು ಎಲ್ಲರೂ ಒಟ್ಟಾಗಿ ತಿದ್ದುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಸೀರೆಯ ಅಂಚು ಮಡಚಿಕೊಂಡಿದ್ದರೆ ಪಕ್ಕದವರು ಸರಿ ಮಾಡುತ್ತಾರಲ್ಲ, ಹಾಗೆ.

ನನಗೆ ಮಾತ್ರ ಆ ತಿದ್ದುಪಡಿ ಎಂದರೆ ಜೀವ ಹೋದಷ್ಟು ಸಂಕಟ. ಹಾಸನದ ಕಡೆಯಿಂದ ಮದುವೆಯಾಗಿ ಬಂದವಳು ನಾನು. ನನ್ನ ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾರೆ. ತರಕಾರಿಯವನ ಮುಂದೆ ಬೆರಳು ತೋರಿಸಿ, ಆಟೋದವನಿಗೆ ಗೋದೌಲಿಯಾ, ಅಸ್ಸಿ ಎಂದು ಬರೀ ಜಾಗದ ಹೆಸರು ಹೇಳಿ ವರ್ಷಗಟ್ಟಲೆ ಕಾಲ ತಳ್ಳಿದೆ. ಮಗಳು ಇಲ್ಲಿಯೇ ಹುಟ್ಟಿದವಳು, ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. "ಅಮ್ಮಾ, ನೀನು ಸುಮ್ನಿರು, ಮೈಂ ಬೋಲ್ ದೂಂಗೀ", ನಾನೇ ಹೇಳ್ತೀನಿ, ಎಂದು ಅವಳು ಅಂಗಡಿಯಲ್ಲಿ ನನ್ನ ಸೆರಗು ಜಗ್ಗಿದ ಮೇಲಂತೂ ನಾನು ಮನೆಯ ಹೊರಗೆ ಮೂಕಿಯೇ ಆಗಿಬಿಟ್ಟೆ. ನನ್ನ ಬಾಯಿ ಬಿಡಿಸಿದವರ ಬಗ್ಗೆ ಬರೆಯಲು ಕೂತಿದ್ದೇನೆ. ಅವರ ಹೆಸರು ಹಾಕಿದರೆ ಅವರಿಗೆ ಸಿಟ್ಟು ಬರುತ್ತಿತ್ತು, ಹಾಕುವುದಿಲ್ಲ.

ಅವರು ಹೋದ ಸುದ್ದಿ ಈ ಚಳಿಗಾಲದಲ್ಲಿ ಹುಬ್ಬಳ್ಳಿಯಿಂದ ಬಂತು. ಕೊನೆಗಾಲಕ್ಕೆ ಲೋಕವೆಲ್ಲ ಕಾಶಿಗೆ ಬಂದರೆ, ಇವರು ದುಡಿಮೆಯ ಇಡೀ ಆಯುಷ್ಯವನ್ನು ಕಾಶಿಯಲ್ಲಿ ಕಳೆದು, ಮೊಣಕಾಲು ಸೋತ ಮೇಲೆ ತಂಗಿಯ ಮನೆಗೆಂದು ಹುಬ್ಬಳ್ಳಿಗೆ ಹೊರಟವರು. ಹೊರಡುವ ಮುಂಚೆ ನಮ್ಮ ಕಡೆಯ ಮಠಕ್ಕೆ ನಮಸ್ಕಾರ ಮಾಡಲು ಹೋದಾಗ ನಾನೂ ಜೊತೆಗಿದ್ದೆ. "ಈ ವಯಸ್ಸಿನಲ್ಲಿ ಕಾಶಿ ಬಿಡೋದಾ ತಾಯಿ?" ಎಂದು ಅಲ್ಲಿನ ಹಿರಿಯ ಸ್ವಾಮಿಗಳು ಕೇಳಿದರು. "ಮೋಕ್ಷಕ್ಕ ನಾ ಅರ್ಜಿ ಹಾಕಿಲ್ರೀ ಅಜ್ಜಾರ" ಎಂದರು ಡಾಕ್ಟರಮ್ಮ. "ಇನ್ನೊಂದು ಸಲ ಹುಟ್ಟಿ ಬರೂ ಹಂಗಾದ್ರ ಚಲೋನ ಆತು. ಮಾಳಿಗಿ ಮ್ಯಾಲಿನ ಮಲ್ಲಿಗಿ ಇನ್ನೂ ಹೂ ಬಿಟ್ಟಿಲ್ಲ." ಸ್ವಾಮಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಗದಗದ ಕಡೆಯವರು. ಗಿಡ್ಡ ಆಳು, ಬಿರುಸು ನಡಿಗೆ, ಸಣ್ಣ ಕೋಣೆಯಲ್ಲೂ ದೊಡ್ಡ ದನಿ. ಕಟ್ಟಡದ ಎದುರಿನ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು. ಆಪರೇಷನ್ನಿಗೆ ಮುಂಚೆ ರೋಗಿಗೆ ಎಚ್ಚರ ತಪ್ಪಿಸಿ, ಮುಗಿಯುವವರೆಗೂ ತಲೆಯ ಬಳಿ ಕೂತು ಉಸಿರು ಕಾಯುವ ಕೆಲಸ. ಕೊಯ್ದ ಡಾಕ್ಟರ ಹೆಸರು ಎಲ್ಲರಿಗೂ ನೆನಪಿರುತ್ತದೆ, ಉಸಿರು ಕಾದವರ ಮುಖವನ್ನು ರೋಗಿ ನೋಡಿರುವುದೂ ಇಲ್ಲ. ಅದರ ಬಗ್ಗೆ ಅವರಿಗೆ ಬೇಸರವಿದ್ದಂತೆ ಕಾಣಲಿಲ್ಲ. "ನನ್ನ ಪೇಷಂಟ್ ಯಾರೂ ನನ್ನ ಗುರ್ತು ಹಿಡಿಯಂಗಿಲ್ಲ. ಸಾಲ ಕೇಳವರ ಕಾಟ ಇಲ್ಲ" ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಆಪರೇಷನ್ ಥಿಯೇಟರಿನ ಹೊರಗೆ. ನನ್ನ ಗಂಡನ ಪಿತ್ತಕೋಶ ತೆಗೆಯುವುದಿತ್ತು. ಉದ್ದನೆಯ ಮೊಗಸಾಲೆಯ ತುಂಬ ಜನ. ಬುತ್ತಿಯ ಗಂಟು, ನೀರಿನ ಬಾಟಲಿ, ಹೊದಿಕೆ ಹಿಡಿದು ನೆಲದ ಮೇಲೆ ಕೂತವರು, ಗೋಡೆಗೆ ಒರಗಿ ನಿಂತವರು. ಯಾವ ಊರಿನ ದೊಡ್ಡ ಆಸ್ಪತ್ರೆಯಲ್ಲೂ ಕಾಣುವ ನೋಟವೇ. ಬಾಗಿಲು ಅರ್ಧ ತೆರೆದು ಹಸಿರು ಟೋಪಿಯ ಹೆಂಗಸೊಬ್ಬರು ತಲೆ ಹೊರಗೆ ಹಾಕಿ, "ಕರ್ನಾಟಕದವರು ಯಾರ್ರೀ ಇಲ್ಲೆ?" ಎಂದು ಕೂಗಿದರು. ನಾನು ಎದ್ದು ಹೋದೆ.

"ನಿಮ್ಮ ಯಜಮಾನರನ್ನ ಮಲಗಸೂ ಕೆಲಸ ನಂದು. ಅವರ ಉಸಿರು ನಾ ನೋಡ್ಕೋತೀನಿ, ನಿಮ್ಮ ಹೊಟ್ಟಿ ನೀವು ನೋಡ್ಕೋರಿ. ಏನರ ತಿಂದೀರೋ ಇಲ್ಲೋ?"

ಆ ಜಾಗದಲ್ಲಿ, ಆ ಗಳಿಗೆಯಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ನನಗೆ ಅಳು ಒತ್ತರಿಸಿ ಬಂತು. ಅವರು ಸಮಾಧಾನ ಮಾಡಲಿಲ್ಲ. ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು. "ಅಳೂದಾದ್ರ ಕುಂತು ಅಳ್ರಿ. ನಿಂತು ಅತ್ತರ ತಲಿ ತಿರಗತೈತಿ" ಎಂದು ನನ್ನನ್ನು ಕೂರಿಸಲು ಆಚೀಚೆ ನೋಡಿದರು. ಕೂರುವಂಥ ಒಂದು ಜಾಗವೂ ಇರಲಿಲ್ಲ. ಮೊಗಸಾಲೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡುತ್ತ ಸ್ವಲ್ಪ ಹೊತ್ತು ಹಾಗೇ ನಿಂತರು. ಒಳಗೆ ಯಾರೋ ಕರೆದರು, ಹೋದರು. ಸಂಜೆ ನನ್ನ ಗಂಡ ಕಣ್ಣು ಬಿಟ್ಟರು. ಆ ಉಪಕಾರವೊಂದೇ ಸಾಕಿತ್ತು ಅವರನ್ನು ನೆನೆಯುವುದಕ್ಕೆ.

ಮುಂದೆ ನಾವು ಆಸ್ಪತ್ರೆಯ ಎದುರಿನ ಹದಿನಾಲ್ಕು ಅಂತಸ್ತಿನ ಕಟ್ಟಡಕ್ಕೆ ಮನೆ ಬದಲಿಸಿದೆವು. ಮುಂಬಯಿಯವರು ನಕ್ಕಾರು, ನಮ್ಮ ಕಾಶಿಗೆ ಅದು ಗಗನಚುಂಬಿಯೇ. ನೋಡಿದರೆ ನಮ್ಮ ಮೇಲಿನ ಮನೆಯಲ್ಲಿ ಅದೇ ಡಾಕ್ಟರಮ್ಮ! ಒಂಟಿ ಜೀವ. ಆಗಷ್ಟೇ ನಿವೃತ್ತರಾಗಿದ್ದರು. ನಿವೃತ್ತಿಯ ಮೊದಲ ಲಾಭವೆಂದರೆ ನಿದ್ದೆ. ಕಾಯುವ ಸಾಲಿನಲ್ಲಿ, ಅಸ್ಸಿಯಿಂದ ಹೊರಟ ದೋಣಿಯಲ್ಲಿ, ಸೊಸೈಟಿಯ ಸಭೆಯಲ್ಲಿ, ಕೂತಲ್ಲೇ ಮಲಗಿಬಿಡುತ್ತಿದ್ದರು. "ಇಷ್ಟು ವರ್ಷ ಮಂದೀನ್ನ ಮಲಗಸೀನಿ, ಈಗ ನನ್ನ ಪಾಳಿ." ಮಾತಾಡುವಾಗ ಎದುರಿನವರ ಮಣಿಕಟ್ಟು ಹಿಡಿಯುವ ಚಟ ಮಾತ್ರ ಹೋಗಲಿಲ್ಲ. "ಸಾರು ಚೆನ್ನಾಗಿದೆ" ಎಂದು ನಾನು ಹೇಳಿದರೆ, "ಸುಳ್ಳು. ನಾಡಿ ಓಡಾಕತ್ತೈತಿ" ಎನ್ನುತ್ತಿದ್ದರು. ನಿಜವಾಗಿಯೂ ಅವರ ಸಾರು ಬಾಯಿಗಿಡುವ ಹಾಗಿರಲಿಲ್ಲ.

ಒಂದು ದಿನ ಲಿಫ್ಟಿಗೆ ಕಾಯುತ್ತ ನಿಂತಿದ್ದೆವು. ಇದ್ದಕ್ಕಿದ್ದಂತೆ, "ಮ್ಯಾಲೆ ತೋಟ ಮಾಡೂಣು" ಎಂದರು.

"ಎಲ್ಲಿ?"

"ಮಾಳಿಗಿ ಮ್ಯಾಲೆ. ಹೊರಗ ನಿಂತವರು ಬಂದು ಕುಂಡರಲಿ. ನಾ ಒಳಗ ಮಲಗಿದವರನ್ನಷ್ಟ ನೋಡ್ಕೋತ ಬಂದೆ ತಂಗಿ. ಹೊರಗ ನಿಂತವರನ್ನ ನೋಡಿರಲೇ ಇಲ್ಲ."

ಆಸ್ಪತ್ರೆಯಲ್ಲಿ ರೋಗಿಯನ್ನು ಒಳಗೆ ಬಿಟ್ಟು ಹೊರಗೆ ಕಾಯುವವರಿಗೆ ಒಂದು ತೋಟ. ಸೊಸೈಟಿಯವರದ್ದಲ್ಲ, ಊರಿನದ್ದು. ಯಾರು ಬೇಕಾದರೂ ಬಂದು ಕೂರಬಹುದು, ಬಾಗಿಲಿಗೆ ಬೀಗ ಇರಬಾರದು. ಅವರ ಆಸೆ ಇಷ್ಟೇ. ಆದರೆ ನಮ್ಮ ಮಾಳಿಗೆಯಲ್ಲಿ ಆಗ ಇದ್ದದ್ದು ನೀರಿನ ಟ್ಯಾಂಕು, ಮುರಿದ ಕುರ್ಚಿಗಳು, ಗಟ್ಟಿಯಾಗಿ ಕಲ್ಲಾದ ಸಿಮೆಂಟಿನ ಚೀಲಗಳು ಮತ್ತು ಬಾಗಿಲಿಗೊಂದು ದಪ್ಪ ಬೀಗ. ಬೀಗದ ಕೈ ಸೆಕ್ರೆಟರಿಯವರ ಜನಿವಾರದಲ್ಲಿ. ಅವರ ಮನೆ ಮಾಳಿಗೆಯ ನೇರ ಕೆಳಗೆ. ಶುದ್ಧ ಹಿಂದಿ ಮಾತಾಡುವವರು, ಬೇರೆಯವರಿಂದಲೂ ಆಡಿಸುವವರು. ತೋಟ ಎಂದರೆ ನೀರು, ನೀರು ಎಂದರೆ ಸೋರಿಕೆ, ಸೋರಿದರೆ ಅವರ ತಲೆಯ ಮೇಲೆಯೇ. ಕೇಳಿದರೂ ಒಪ್ಪುವ ಮಾತೇ ಇರಲಿಲ್ಲ.

ಅಲ್ಲಿಂದ ನಾವಿಬ್ಬರೂ ಮೆಟ್ಟಿಲಲ್ಲಿ, ಗೇಟಿನಲ್ಲಿ, ಲಿಫ್ಟಿನಲ್ಲಿ ತೋಟದ್ದೇ ಮಾತು. ಕನ್ನಡದಲ್ಲಿ ಆಡಿದರೆ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಮುಂದಿನ ಸಭೆಯಲ್ಲಿ ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು ಎದ್ದರು. "ಡಾಕ್ಟರ್ ಸಾಹಬ್ ಛತ್ ಪರ್ ತೋತೇ ಪಾಲ್‌ನಾ ಚಾಹತೀ ಹೈಂ" ಎಂದರು. ಡಾಕ್ಟರಮ್ಮನಿಗೆ ಮಾಳಿಗೆಯ ಮೇಲೆ ಗಿಳಿ ಸಾಕುವ ಆಸೆಯಂತೆ! ನಮ್ಮ ಬಾಯಲ್ಲಿ ತೋಟ, ತೋಟ ಎಂದು ಕೇಳಿ ಕೇಳಿ ಅವರು ಅದನ್ನು ತೋತಾ ಮಾಡಿಕೊಂಡಿದ್ದರು. ಹಿಂದಿಯಲ್ಲಿ ತೋತಾ ಎಂದರೆ ಗಿಳಿ.

ನಾನು ನಿಜ ಹೇಳಿಸಲು ಡಾಕ್ಟರಮ್ಮನ ಕೈ ಜಗ್ಗಿದೆ. ಅವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, "ಸುಮ್ಕಿರು" ಎಂದರು. ಸಭೆಯಲ್ಲಿ ಸಂತೋಷವೋ ಸಂತೋಷ. ಗಿಳಿ ಎಂದರೆ ಪುಣ್ಯದ ಕೆಲಸ, ಗಿಳಿಯಿಂದ ಮಾಳಿಗೆ ಸೋರುವುದಿಲ್ಲ. ಪಂಜರ ಮಾತ್ರ ಬೇಡ, ಬಂದು ಹೋಗುವ ಗಿಳಿಗಳಿಗೆ ಕಾಳು ನೀರು ಇಡಿ ಎಂದು ಒಪ್ಪಿಗೆಯಾಯಿತು. ಬೀಗದ ಕೈ ಡಾಕ್ಟರಮ್ಮನ ಕೈಗೆ ಬಂತು.

ಆಮೇಲೆ ನೋಡಬೇಕಿತ್ತು. ಗಿಳಿ ಕೂರಲು ಟೊಂಗೆ ಬೇಡವೇ? ಡ್ರಮ್ಮಿನಲ್ಲಿ ಸೀಬೆ ಗಿಡ ಬಂತು. ತಿನ್ನಲು ಬೇಡವೇ? ಮೆಣಸಿನ ಗಿಡಗಳು ಬಂದವು. ಬನಾರಸಿನಲ್ಲಿ ಕೋತಿಗಳ ಕಾಟಕ್ಕೆ ಮನೆಯ ಅಂಗಳದಲ್ಲಿ ಒಂದು ಮೆಣಸಿನಕಾಯಿ ಉಳಿಯುವುದಿಲ್ಲ. ಹದಿನಾಲ್ಕು ಅಂತಸ್ತು ಹತ್ತುವ ಉಮೇದು ಆ ಕೋತಿಗಳಿಗೂ ಇರಲಿಲ್ಲವಾಗಿ ನಮ್ಮ ಮೆಣಸು ಬದುಕಿತು. ಗಿಳಿಗೆ ನೆರಳು ಬೇಕೆಂದು ಸೋರೆಬಳ್ಳಿಯ ಚಪ್ಪರ ಎದ್ದಿತು. ಚಪ್ಪರದ ಕೆಳಗೆ ಬೆಂಚುಗಳು ಬಂದಾಗ ಸೆಕ್ರೆಟರಿ, "ಇದೂ ಗಿಳಿಗಾ?" ಎಂದು ಕೇಳಿದರಂತೆ. "ಗಿಳಿ ನೋಡ್ಕೊಳ್ಳೋರಿಗೆ" ಎಂದು ಉತ್ತರ ಸಿಕ್ಕಿತು. ಹಗುರ ಮಣ್ಣು, ತೊಲೆಯ ನೇರಕ್ಕೆ ಭಾರ, ಅಂಚಿಗೆ ಎತ್ತರದ ಜಾಲರಿ, ಎಲ್ಲಕ್ಕೂ ಡಾಕ್ಟರಮ್ಮ ಪರಿಚಯದ ಎಂಜಿನಿಯರೊಬ್ಬರನ್ನು ಕರೆಸಿ ಒಪ್ಪಿಗೆ ಪಡೆದಿದ್ದರು. ಅದರಲ್ಲಿ ತಮಾಷೆ ಮಾಡುವವರಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯಿತು. ಅವರು ತಮ್ಮ ಕೈಯಾರೆ ನೆಟ್ಟ ಒಂದು ಗಿಡವೂ ಬದುಕುತ್ತಿರಲಿಲ್ಲ. ಮಲ್ಲಿಗೆ ನೆಟ್ಟರು, ಒಣಗಿತು. ಇನ್ನೊಂದು ನೆಟ್ಟರು, ಕೊಳೆಯಿತು. ತುಳಸಿಯೂ ಕೈ ಕೊಟ್ಟಿತು. "ನನ್ನ ಕೈಯಾಗ ಮಂದಿ ಬದಕ್ಯಾರ, ಗಿಡ ಬದಕಂಗಿಲ್ಲ" ಎಂದು ಗಿಡಗಳನ್ನೇ ಬೈಯುತ್ತಿದ್ದರು. ತಾಳ್ಮೆಯಿಲ್ಲ, ಬೆಳಗ್ಗೆ ನೆಟ್ಟದ್ದು ಚಿಗುರಿತೇ ಎಂದು ಸಂಜೆ ಬುಡ ಅಲ್ಲಾಡಿಸಿ ನೋಡುವುದು.

ಹೀಗಿರುವಾಗ ಗಾಜೀಪುರದ ಕಡೆಯ ಮುದುಕರೊಬ್ಬರನ್ನು ಆಸ್ಪತ್ರೆಯಿಂದ ಕರೆತಂದರು. ಮಗನ ತಲೆಯ ಆಪರೇಷನ್ ನಡೆಯುತ್ತಿತ್ತು. ಮುದುಕರ ಕೈ ನಡುಗುತ್ತಿತ್ತು, ಕೊಟ್ಟ ಚಹಾ ಚೆಲ್ಲಿಕೊಂಡರು. ಡಾಕ್ಟರಮ್ಮ ಲೋಟ ಕಸಿದುಕೊಂಡು, ಕಳೆ ತೆಗೆಯುವ ಖುರ್ಪಿಯನ್ನು ಅವರ ಕೈಗೆ ಕೊಟ್ಟು ತಾವು ಮೂರನೆಯ ಸಲ ನೆಟ್ಟ ಮಲ್ಲಿಗೆಯನ್ನು ತೋರಿಸಿದರು. ಮುದುಕರು ಬುಡ ಮುಟ್ಟಿ ನೋಡಿ, "ರಉಆ ತ ಏಕರ್ ಗಲಾ ದಬಾ ದೇಲೇ ಬಾನೀ" ಎಂದರು. ನೀವು ಇದರ ಕತ್ತು ಹಿಸುಕಿಬಿಟ್ಟಿದ್ದೀರಿ ಎಂದು! ಉಸಿರು ಕಾಯುವುದೇ ಕಸುಬಾದವರಿಗೆ ಇಂಥ ಮಾತು. ಡಾಕ್ಟರಮ್ಮ ನಕ್ಕ ನಗು ಕೆಳಗಿನ ಗೇಟಿಗೆ ಕೇಳಿಸಿರಬೇಕು. ಮುದುಕರೂ ನಕ್ಕರು. ಮಣ್ಣು ಸಡಿಲಿಸುತ್ತ ಸಡಿಲಿಸುತ್ತ ಅವರ ಕೈಯ ನಡುಕ ನಿಂತಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಕಾಯುವವರು ಬಂದರೆ ಮೊದಲು "ಏನಾದರೂ ತಿಂದಿರಾ?" ಎಂಬ ಪ್ರಶ್ನೆ, ಆಮೇಲೆ ಕೈಗೆ ಖುರ್ಪಿ. ಬಲಿಯಾ, ಚಂದೌಲಿ, ಬಿಹಾರದ ಕಡೆಯ ಹಳ್ಳಿಗಳಿಂದ ಬಂದವರಿಗೆ ಮಣ್ಣಿನ ಕೆಲಸ ಹೇಳಿಕೊಡಬೇಕಾಗಿರಲಿಲ್ಲ. ಒಬ್ಬರು ಬೀಜ ಹಾಕಿ ಹೋದರೆ ಇನ್ನಾರೋ ನೀರು ಹಾಕಿದರು. ಹೂ ಬಿಡುವ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಊರಿನಲ್ಲಿ. ಕೆಲವರು ಗುಣವಾದವರ ಜೊತೆ ನಗುತ್ತ ಹೋದರು, ಕೆಲವರು ಒಬ್ಬರೇ ಹೋದರು. ಹಿಂದಿನ ಗಲ್ಲಿಯ ಹೆಂಗಸರು, ಓದಲು ಜಾಗವಿಲ್ಲದ ಹುಡುಗಿಯರು ಬರತೊಡಗಿದರು. ಗೇಟಿನ ಕಾವಲುಗಾರನಿಗೆ ಎಲ್ಲರೂ ಗಿಳಿ ನೋಡಿಕೊಳ್ಳುವವರೇ. ಆಸ್ಪತ್ರೆಯ ಮುಂದಿನ ಆಟೋದವರು ಅದಕ್ಕೆ 'ತೋತೇವಾಲೀ ಛತ್' ಎಂದು ಹೆಸರಿಟ್ಟರು. ಗಿಳಿ ಮಾತ್ರ ಒಂದೂ ಬಂದಿರಲಿಲ್ಲ.

ಆಯಾಸವಾದಾಗ ಡಾಕ್ಟರಮ್ಮ ನನ್ನನ್ನು ಮೇಲೆ ಕೂರಿಸುತ್ತಿದ್ದರು. "ನನಗೆ ಹಿಂದಿ ಬರಲ್ಲ, ಏನು ಮಾತಾಡಲಿ?" ಎಂದರೆ, "ಯಾರು ಮಾತಾಡಂದ್ರು? ಊಟ ಆತೇನು ಅಂತ ಕೇಳು" ಎನ್ನುತ್ತಿದ್ದರು. ಬಲಿಯಾದ ಹೆಂಗಸೊಬ್ಬಳೊಂದಿಗೆ ನಾನು ಒಂದು ಇಡೀ ಮಧ್ಯಾಹ್ನ ಮಾತಾಡಿದೆ. ನನ್ನದು ಗಂಡು ಹೆಣ್ಣು ಅದಲು ಬದಲಾದ ಹಿಂದಿ, ಅವಳದು ಭೋಜಪುರಿ. ನನ್ನ ಸೀರೆ ಗಂಡಾಗಿದ್ದು ಅವಳಿಗೆ ಕಾಣಿಸಲೇ ಇಲ್ಲ. ಅವಳ ಕಣ್ಣು ಆಸ್ಪತ್ರೆಯ ಕಿಟಕಿಯ ಮೇಲಿತ್ತು. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಅಷ್ಟು ಮಾತಾಡಿದವಳು ನಾನೇನಾ ಎಂದು ಖುಷಿಯಾಯಿತು.

ಹೊರಗಿನವರ ಓಡಾಟ ಹೆಚ್ಚಾದಂತೆ ಲಿಫ್ಟಿನ ಜಗಳ ಬಂತು. ಹೊರಗಿನವರು ಲಿಫ್ಟು ಹತ್ತಬಾರದು, ಬೇಕಾದರೆ ಮೆಟ್ಟಿಲು ಹತ್ತಿಕೊಂಡು ಹೋಗಲಿ ಎಂದು ಸಭೆಯಲ್ಲಿ ಕೂಗಾಟ. ಹದಿನಾಲ್ಕು ಅಂತಸ್ತು ಯಾರು ಹತ್ತುತ್ತಾರೆ, ಆ ಮುದುಕರೇ? ಡಾಕ್ಟರಮ್ಮ ಅಲ್ಲಿಯವರೆಗೆ ನಿದ್ದೆ ಮಾಡುತ್ತಿದ್ದರು. ಕಣ್ಣು ಬಿಟ್ಟು ಎದ್ದು ನಿಂತು, "ಲಿಫ್ಟ್ ಸಬ್‌ಕೇ ಲಿಯೇ ಚಲೇಗಾ" ಎಂದರು.

"ಚಲೇಗೀ!" ಎಂದು ನಾಲ್ಕಾರು ದನಿ ಲಿಫ್ಟನ್ನು ಹೆಣ್ಣು ಮಾಡಿದವು.

"ಕ್ಯಾ?"

"ಚಲೇಗೀ, ಡಾಕ್ಟರ್ ಸಾಹಬ್. ಲಿಫ್ಟ್ ಚಲೇಗೀ. ಸಬ್‌ಕೇ ಲಿಯೇ ಚಲೇಗೀ!" ಎಂದು ಸೆಕ್ರೆಟರಿಯೇ ಒತ್ತಿ ಒತ್ತಿ ಹೇಳಿದರು. ಎಲ್ಲರಿಗಾಗಿಯೂ ನಡೆಯುತ್ತದೆ, ನಡೆಯುತ್ತಾಳೆ, ಎಂದು.

"ಧನ್ಯವಾದ್" ಎಂದು ಡಾಕ್ಟರಮ್ಮ ಸಭೆಗೆಲ್ಲ ಕೈಮುಗಿದು ಕೂತರು. ಮೊದಲು ಯಾರು ನಕ್ಕರೋ, ಸಭೆಯೆಲ್ಲ ನಕ್ಕಿತು. ಆ ನಗುವಿನಲ್ಲಿ ಲಿಫ್ಟಿನ ಜಗಳ ಮುಗಿದುಹೋಯಿತು.

ಮನೆಗೆ ಬರುವಾಗ ಕೇಳಿದೆ: "ನಿಮಗೆ ನಿಜವಾಗ್ಲೂ ಗೊತ್ತಿರಲಿಲ್ವಾ?"

"ಇಲ್ನೋಡು ತಂಗಿ. ಸರಿಯಾಗಿ ಮಾತಾಡಿದ್ರ ಇಲ್ಲ ಅಂತಾರ. ತಪ್ಪು ಮಾತಾಡಿದ್ರ ತಿದ್ದತಾರ. ತಿದ್ದಬೇಕಂದ್ರ ನಮ್ಮ ಮಾತು ಅವರ ಬಾಯಾಗ ಬರಬೇಕಲ್ಲ? ನೀ ಬಾಯಿ ಮುಚ್ಕೊಂಡು ಕುಂತ್ರ ತಪ್ಪೂ ಇಲ್ಲ, ತಿದ್ದವರೂ ಇಲ್ಲ."

ಬೇಕೆಂದೇ ತಪ್ಪಿದರೇ, ತಪ್ಪಿದ ಮೇಲೆ ಈ ಉಪಾಯ ಹೊಳೆಯಿತೇ ಎಂದು ನನಗೆ ಅನುಮಾನ. ಯಾಕೆಂದರೆ ಮರುದಿನ ಹಾಲಿನವನ ಹತ್ತಿರವೂ ತಪ್ಪೇ ಮಾತಾಡಿದರು, ಅಲ್ಲಿ ಗೆಲ್ಲಬೇಕಾದ್ದೇನೂ ಇರಲಿಲ್ಲ.

ಮಳೆಗಾಲದಲ್ಲಿ ನಿಜವಾದ ಕಂಟಕ ಬಂತು. ಸೆಕ್ರೆಟರಿಯವರ ಮನೆಯ ಛಾವಣಿಯಲ್ಲಿ ದೊಡ್ಡ ಒದ್ದೆ ಕಲೆ. ತೋಟ ಎತ್ತಿಬಿಡಿ, ಬೀಗ ಹಾಕಿ ಎಂದು ಅವರು ಹಟ ಹಿಡಿದರು. ತಪ್ಪು ಅವರದ್ದಲ್ಲ, ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿದರೆ ಯಾರು ಸುಮ್ಮನಿರುತ್ತಾರೆ? ಡಾಕ್ಟರಮ್ಮ ಕೆಲವು ದಿನದ ಮಟ್ಟಿಗೆ ವಾಯಿದೆ ಕೇಳಿದರು. ನಮ್ಮಿಬ್ಬರನ್ನು ಅಂಗಡಿಗೆ ಕರೆದೊಯ್ದು, ಅಂದರೆ ನನ್ನನ್ನೂ ಮಗಳನ್ನೂ, ಬಟ್ಟೆಗೆ ಹಾಕುವ ನೀಲಿ, ಹೆಂಗಸರು ಪಾದಕ್ಕೆ ಹಚ್ಚಿಕೊಳ್ಳುವ ಕೆಂಪು ಆಲ್ತಾ ತಂದರು. ಗಿಡಗಳ ನೀರಿಗೆ ನೀಲಿ ಬೆರೆಸಿದರು. ಟ್ಯಾಂಕಿನ ಬುಡದಲ್ಲಿ ನೀರು ನಿಲ್ಲುತ್ತಿದ್ದ ಬಿರುಕಿಗೆ ಆಲ್ತಾ ಸುರಿದರು. "ಕರುಳಿನ ಹೊಲಿಗಿ ಸೋರತೈತೋ ಇಲ್ಲೋ ಅಂತ ನಾವು ಹಿಂಗ ಬಣ್ಣ ಹಾಕಿ ನೋಡ್ತೀವಿ" ಎಂದರು. ಮಾತಿನಲ್ಲಿ ಧೈರ್ಯವಿತ್ತು. ಆದರೆ ಆ ದಿನಗಳಲ್ಲಿ ಅವರು ಎಲ್ಲಿಯೂ ಕೂತಲ್ಲಿ ಮಲಗಲಿಲ್ಲ. ಅವರಿಗೆ ನಿದ್ದೆ ಬಾರದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಒಂದು ಬೆಳಗ್ಗೆ ಸೆಕ್ರೆಟರಿ ಬನಿಯನ್ನಿನಲ್ಲೇ ಓಡಿ ಬಂದು ಡಾಕ್ಟರಮ್ಮನ ಬಾಗಿಲನ್ನೂ ನಮ್ಮ ಬಾಗಿಲನ್ನೂ ಬಡಿದರು. ಹೋಗಿ ನೋಡಿದರೆ ಅವರ ಮಲಗುವ ಕೋಣೆಯ ಛಾವಣಿ ಮದುಮಗಳ ಪಾದದ ಹಾಗೆ ಕೆಂಪಾಗಿತ್ತು. ನೀಲಿಯ ಸುಳಿವಿಲ್ಲ. ತೋಟದ ತಪ್ಪಿಲ್ಲ, ಟ್ಯಾಂಕಿನ ಬುಡ ಒಡೆದಿತ್ತು. ಡಾಕ್ಟರಮ್ಮ ಛಾವಣಿಯನ್ನು ನೋಡುತ್ತ ನೋಡುತ್ತ ಅವರ ಮಂಚದ ಮೇಲೆಯೇ ಕೂತು, ಒರಗಿ, ನಿದ್ದೆ ಹೋದರು. ಸೆಕ್ರೆಟರಿಯ ಹೆಂಡತಿ ಸದ್ದಿಲ್ಲದೆ ಹೊದಿಕೆ ಹೊದಿಸಿದರು.

ಗಿಳಿಗಳು ಬಂದದ್ದು ಆ ಚಳಿಗಾಲದಲ್ಲಿ, ಸೀಬೆ ಮೊದಲ ಸಲ ಫಲ ಬಿಟ್ಟಾಗ. ಹಿಂಡಾಗಿ ಬಂದು ಅರ್ಧ ಕಾಯಿ ಕಚ್ಚಿ ಹಾಕಿದವು. ಎಲ್ಲರಿಗಿಂತ ಹೆಚ್ಚು ಸಂಭ್ರಮ ಸೆಕ್ರೆಟರಿಗೆ. "ದೇಖಿಏ, ಆ ಗಯೇ ನ ತೋತೇ!", ನೋಡಿ, ಬಂದವಲ್ಲ ಗಿಳಿ, ಎಂದು ಕಂಡಕಂಡವರನ್ನು ಕೈಹಿಡಿದು ಎಳೆದು ತೋರಿಸಿದರು. ತೋಟ ಎಂಬ ಮಾತಿನ ನಿಜವನ್ನು ಅವರಿಗೆ ಇಂದಿಗೂ ಯಾರೂ ಹೇಳಿಲ್ಲ.

ಡಾಕ್ಟರಮ್ಮ ಹುಬ್ಬಳ್ಳಿಗೆ ಹೋದ ಮೇಲೂ ಬಾಗಿಲು ತೆರೆದೇ ಇತ್ತು. ಅವರು ವಾರಕ್ಕೊಮ್ಮೆ ಫೋನ್ ಮಾಡಿ ಸೆಕ್ರೆಟರಿಯನ್ನು ಗದರಿಸುತ್ತಿದ್ದರು, ಅವರಿನ್ನೂ ಇಲ್ಲಿಯೇ ಇದ್ದಾರೆ ಎಂಬಂತೆ ಎಲ್ಲರೂ ನಡೆದುಕೊಳ್ಳುತ್ತಿದ್ದರು. ಸತ್ತ ಸುದ್ದಿ ಬಂದ ಮೇಲೆ ಎಲ್ಲ ಬದಲಾಯಿತು. ಮೆಟ್ಟಿಲ ಗೋಡೆಗೆ ಯಾರೋ ಪಾನ್ ಉಗಿದರು. ಯಾರದೋ ಚಪ್ಪಲಿ ಕಳೆಯಿತು. ಇಷ್ಟು ದಿನ ಡಾಕ್ಟರ್ ಸಾಹಬ್ ಇದ್ದರು, ಇನ್ನು ಯಾರು ಹೊಣೆ ಎಂಬ ಮಾತು ಎದ್ದಿತು. ಸಭೆ ಕರೆದರು. ಹೊಸ ಬೀಗ ಕೊಂಡು ತಂದು ಮೇಜಿನ ಮೇಲೆ ಇಟ್ಟಿದ್ದರು.

ನನ್ನ ಗಂಡ ಊರಿನಲ್ಲಿರಲಿಲ್ಲ. ಸಭೆಗೆ ಬರುವ ಮುಂಚೆ ನಾನು ಮಾಳಿಗೆಯಲ್ಲಿದ್ದೆ. ಅಲ್ಲಿ ಹೆಂಗಸೊಬ್ಬಳು ಆಸ್ಪತ್ರೆಯ ಕಡೆ ಮುಖ ಮಾಡಿ ಮೆಣಸಿನ ಪಾತಿಯ ಕಳೆ ಕೀಳುತ್ತಿದ್ದಳು. ಎಳೆ ಮಗಳನ್ನು ಒಳಗೆ ಬಿಟ್ಟು ಬಂದಿದ್ದಳು. ಬೀಗ ಬಿದ್ದರೆ ನಾಳೆ ಇವಳು ಎಲ್ಲಿ ಕೂರುತ್ತಾಳೆ ಎಂದು ಯೋಚಿಸುತ್ತಲೇ ನಾನು ಕೆಳಗಿಳಿದೆ. ಸಭೆಯಲ್ಲಿ ಹೇಳಬೇಕಾದ ಒಂದು ವಾಕ್ಯವನ್ನು ಮಗಳು ಬೆಳಗಿನಿಂದ ಬಾಯಿಪಾಠ ಮಾಡಿಸಿದ್ದಳು. ಛತ್ ಅಂದರೆ ಮಾಳಿಗೆ, ಹೆಣ್ಣು, ಮರೀಬೇಡ ಅಮ್ಮಾ.

"ಕಿಸೀ ಕೋ ಕುಛ್ ಕಹನಾ ಹೈ?" ಎಂದರು ಸೆಕ್ರೆಟರಿ. ಯಾರಾದರೂ ಏನಾದರೂ ಹೇಳುವುದಿದೆಯೇ? ಇಷ್ಟು ವರ್ಷಗಳಲ್ಲಿ ನಾನು ಆ ಸಭೆಯಲ್ಲಿ ಬಾಯಿ ತೆರೆದಿರಲಿಲ್ಲ. ಎದ್ದು ನಿಂತೆ. ನನ್ನ ಮಣಿಕಟ್ಟನ್ನು ನಾನೇ ಹಿಡಿದುಕೊಂಡಿದ್ದೆ, ನಾಡಿ ಓಡುತ್ತಿತ್ತು.

"ಛತ್ ಖುಲೀ ರಹನೀ ಚಾಹಿಏ" ಎಂದೆ. ಮಾಳಿಗೆ ತೆರೆದಿರಬೇಕು. ಒಂದಕ್ಷರ ತಪ್ಪಲಿಲ್ಲ. ಹಿಂದೆ ಕೂತಿದ್ದ ಮಗಳು ಉಸಿರು ಬಿಟ್ಟದ್ದು ಕೇಳಿಸಿತು.

ಡಾಕ್ಟರಮ್ಮ ಹೇಳಿದ್ದ ಹಾಗೆಯೇ. ಸರಿಯಾಗಿ ಹೇಳಿದ ಮಾತಿಗೆ ಯಾರೂ ಹೂಂ ಎನ್ನಲಿಲ್ಲ. ಸೆಕ್ರೆಟರಿ ಬೀಗವನ್ನು ಕೈಗೆತ್ತಿಕೊಂಡು, ಬೇಸರದಿಂದಲೇ, "ಠೀಕ್ ಹೈ ಬೆಹನ್‌ಜೀ. ಲೇಕಿನ್ ಜಿಮ್ಮೇದಾರೀ ಕಿಸ್‌ಕೀ ಹೋಗೀ?" ಎಂದರು. ಸರಿ, ಆದರೆ ಹೊಣೆ ಯಾರದು?

ಇದಕ್ಕೆ ಉತ್ತರ ಮಗಳು ಹೇಳಿಕೊಟ್ಟಿರಲಿಲ್ಲ. ಮೇಲೆ ಕಳೆ ಕೀಳುತ್ತಿದ್ದವಳ ಬೆನ್ನು ಕಣ್ಣ ಮುಂದೆ ಬಂತು. ನನ್ನದು ಎಂದು ಹೇಳಬೇಕಿತ್ತು.

"ಮೇರಾ" ಎಂದೆ.

"ಮೇರೀ!" ಎಂದಿತು ಸಭೆ.

ಎಲ್ಲರೂ. ಮುಂದಿನ ಸಾಲಿನವರು, ಬಾಗಿಲ ಬಳಿ ನಿಂತವರು, ಚಪ್ಪಲಿ ಕಳೆದುಕೊಂಡವರು, ಹಿಂದಿನಿಂದ ನನ್ನ ಮಗಳು, ಕೈಯಲ್ಲಿ ಬೀಗ ಹಿಡಿದಿದ್ದ ಸೆಕ್ರೆಟರಿ ಕೂಡ. ಹೊಣೆ ಯಾರದು ಎಂದು ಕೇಳಿದ್ದಕ್ಕೆ ನನ್ನದು, ನನ್ನದು ಎಂದು ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತ್ತು. ತಾವು ಏನಂದೆವು ಎಂದು ಅವರಿಗೆ ಕೇಳಿಸಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಸೆಕ್ರೆಟರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಡಾಕ್ಟರ್ ಸಾಹಬ್ ಗಯೀ ನಹೀಂ ಹೈಂ" ಎಂದರು. ಡಾಕ್ಟರ್ ಸಾಹಬ್ ಹೋಗಿಲ್ಲ. ಆ ಬೀಗವನ್ನು ಈಗ ಅವರು ತಮ್ಮ ಸ್ಕೂಟರಿಗೆ ಹಾಕಿಕೊಳ್ಳುತ್ತಾರೆ.

ಡಾಕ್ಟರಮ್ಮ, ಮಲ್ಲಿಗೆ ಮೊಗ್ಗಾಗಿದೆ. ಅದನ್ನು ಹೇಳಬೇಕಿತ್ತು. ಇನ್ನೊಂದು ಮಾತು. ಅವತ್ತು ನಾನು ಬೇಕೆಂದು ತಪ್ಪಿದ್ದಲ್ಲ, ಜಿಮ್ಮೇದಾರಿಯೂ ಹೆಣ್ಣೆಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಲಿಫ್ಟಿನ ವಿಷಯ ನಿಮಗೂ ಗೊತ್ತಿರಲಿಲ್ಲ, ಅಲ್ಲವೇ?